ಕಾಸರಗೋಡಿನ ನಮ್ಮ ತೋಟಕ್ಕೆ ಗೋಲ್ಡ್‌ಫಿಂಚ್ ಹಕ್ಕಿ ಬರಬೇಕಾದರೆ ಯಾವ ಕಾಳು ಇಡಬೇಕು? ಅಂಗಡಿಯಿಂದ ಜೋಡಿ ತಂದು ಬಿಡಬಹುದೇ?

ಒಂಬತ್ತು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ. ಬದಿಯಡ್ಕದ ಸಮೀಪದ ನಮ್ಮ ಮನೆಯ ಜಗಲಿಯ ಎದುರು ಹುಚ್ಚೆಳ್ಳು ತುಂಬಿದ ಕೊಳವೆಯೊಂದನ್ನು ತೂಗುಹಾಕಿ ಎರಡು ತಿಂಗಳು ಕಾದಿದ್ದೆ. ಅಮೆರಿಕದಲ್ಲಿರುವ ಸೋದರಳಿಯ ಕಳುಹಿಸಿದ ವಿಡಿಯೋದಲ್ಲಿ ಹಳದಿ ಗೋಲ್ಡ್‌ಫಿಂಚ್‌ಗಳು ಅಂಥದೇ ಕೊಳವೆಗೆ ಮುತ್ತಿಕೊಂಡಿದ್ದವು. ಆ ಹುಚ್ಚೆಳ್ಳು ಭಾರತದಿಂದಲೂ ಇಥಿಯೋಪಿಯಾದಿಂದಲೂ ಅಲ್ಲಿಗೆ ಹೋಗುತ್ತದೆಂದು ತಿಳಿದ ಮೇಲೆ, ಕಾಳು ನಮ್ಮದಾದರೆ ಹಕ್ಕಿಯೂ ಬಂದೀತೆಂದು ನಂಬಿಬಿಟ್ಟೆ. ಮಳೆಗಾಲದ ತೇವಕ್ಕೆ ಕಾಳು ಬೂಷ್ಟು ಹಿಡಿಯಿತು. ಉಳಿದದ್ದು ಇರುವೆಗಳ ಪಾಲಾಯಿತು.

ಯಾವ ಕಾಳಿಟ್ಟರೂ ಆ ಹಕ್ಕಿ ಇಲ್ಲಿಗೆ ಬರುವುದಿಲ್ಲ. ಹಳದಿ ಗೋಲ್ಡ್‌ಫಿಂಚ್ ಉತ್ತರ ಅಮೆರಿಕದ್ದು. ಮುಖದಲ್ಲಿ ಕೆಂಪು, ರೆಕ್ಕೆಯಲ್ಲಿ ಹಳದಿ ಪಟ್ಟೆ ಇರುವ ಇನ್ನೊಂದರ ಮೂಲ ನೆಲೆ ಯುರೋಪ್, ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಾ. ಅದರ ಬೂದುತಲೆಯ ಬಂಧು ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಹಿಮಾಲಯದಲ್ಲಿದೆ. ಚಳಿಗಾಲದಲ್ಲಿ ಕಣಿವೆಗಳಿಗೆ ಇಳಿಯುತ್ತದೆಯೇ ಹೊರತು ನಮ್ಮ ಕಡೆಗೆ ಬರುವುದಿಲ್ಲ. ಫಿಂಚ್ ಕುಟುಂಬದ ಗುಲಾಬಿ ಫಿಂಚ್ ಮಾತ್ರ ಚಳಿಗಾಲದಲ್ಲಿ ಪಶ್ಚಿಮ ಘಟ್ಟಕ್ಕೆ ಬರುತ್ತದೆ, ಬಿದಿರಕ್ಕಿ ಅದಕ್ಕೆ ಬಲು ಇಷ್ಟ.

ಜೋಡಿ ತಂದು ಬಿಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಅಂಗಡಿಗಳಲ್ಲಿ ಫಿಂಚ್ ಎಂದು ಸಾಮಾನ್ಯವಾಗಿ ಮಾರುವುದು ಆಸ್ಟ್ರೇಲಿಯ ಮೂಲದ ಜೀಬ್ರಾ ಫಿಂಚನ್ನು. ಪಂಜರದಲ್ಲೇ ಹುಟ್ಟಿ ಬೆಳೆದ ಅಂಥ ಹಕ್ಕಿಯನ್ನು ಹೊರಗೆ ಬಿಡುವುದೆಂದರೆ ಅದನ್ನು ಕೊಂದಂತೆ.

ಆದರೆ ನನಗೆ ನಷ್ಟ ತಂದದ್ದು ಕೊಳವೆಯಲ್ಲ. ಆ ಕೊಳವೆ ದೂರದಿಂದಲೂ ಹಕ್ಕಿಗಳ ಕಣ್ಣಿಗೆ ಬೀಳಲಿ ಎಂದು ಮನೆಯ ಹಿಂದಿನ ಗುಡ್ಡೆಯ ಇಳಿಜಾರಿನ ಹುಲ್ಲನ್ನೂ ಕೇಪುಳದ ಪೊದೆಗಳನ್ನೂ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಬಾಡಿಗೆಯ ಯಂತ್ರದಿಂದ ನೆಲಮಟ್ಟಕ್ಕೆ ಹೊಡೆಸಿದೆ. ನಾನು ಕಸವೆಂದುಕೊಂಡಿದ್ದ ಆ ಹುಲ್ಲಿನಲ್ಲಿ ದಿನವೂ ಮೂವತ್ತು ನಲವತ್ತು ರಾಟವಾಳ (ಮುನಿಯಾ) ಹಕ್ಕಿಗಳು ಮೇಯುತ್ತಿದ್ದವು. ಎದೆಯ ಮೇಲೆ ಮೀನಿನ ಪೊರೆಯಂಥ ಗುರುತಿರುವ ಚುಕ್ಕೆ ರಾಟವಾಳಗಳೇ ಹೆಚ್ಚು, ಬಿಳಿ ಸೊಂಟದವು ಕೆಲವು. ಇವು ಫಿಂಚ್‌ಗಳ ಕುಟುಂಬಕ್ಕೆ ಸೇರಿದವಲ್ಲವಾದರೂ ಕಾಳು ಒಡೆಯುವ ಮೊಂಡು ಕೊಕ್ಕಿನಲ್ಲಿಯೂ ಗುಂಪಾಗಿ ಮೇಯುವ ರೀತಿಯಲ್ಲಿಯೂ ಅವುಗಳನ್ನೇ ಹೋಲುತ್ತವೆ.

ನಾನು ಆರಿಸಿಕೊಂಡ ಸಮಯ ಎಂಥದೆಂಬುದನ್ನು ಗಮನಿಸಿ. ಚುಕ್ಕೆ ರಾಟವಾಳ ಹೆಚ್ಚಾಗಿ ಮಳೆಗಾಲದಲ್ಲಿ ಗೂಡು ಕಟ್ಟುತ್ತದೆ, ಏಕೆಂದರೆ ಹುಲ್ಲು ತೆನೆಬಿಟ್ಟು ಕಾಳು ಹಾಲುಗಟ್ಟುವುದು ಆಗಲೇ, ಮರಿಗಳಿಗೆ ಬೇಕಾದದ್ದೂ ಆ ಎಳೆಯ ಕಾಳೇ. ಅದೇ ಹುಲ್ಲನ್ನು ಜನವರಿಯಲ್ಲಿ, ಕಾಳು ಉದುರಿ ದಂಟು ಒಣಗಿದ ಮೇಲೆ, ಅರ್ಧ ಭಾಗವಷ್ಟೇ ಕೊಯ್ದಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ. ನಾನು ಒಂದೇ ದಿನದಲ್ಲಿ ಅವುಗಳ ಆಹಾರವನ್ನೂ ಮರೆಯನ್ನೂ ಗೂಡನ್ನೂ ತೆಗೆದುಹಾಕಿದೆ. ಸಂಜೆ ಸೊಪ್ಪು ರಾಶಿ ಮಾಡುವಾಗ ಚೆಂಡಿನಂಥ ಹುಲ್ಲಿನ ಗೂಡೊಂದು ಸಿಕ್ಕಿತು; ಒಳಗೆ ಒಡೆದ ಬಿಳಿ ಮೊಟ್ಟೆಗಳಿದ್ದವು. ಮುಂದಿನ ವರ್ಷ ನಾನು ಕಂಡದ್ದು ನಾಲ್ಕೇ ಹಕ್ಕಿಗಳನ್ನು.

ಗೋಲ್ಡ್‌ಫಿಂಚ್‌ನ ಬದುಕೂ ಇಂಥದೇ ಎಂದು ಆಮೇಲೆ ಓದಿ ತಿಳಿದೆ. ಅಲ್ಲಿಯ ರೈತರು ಕಳೆ ಎನ್ನುವ ಥಿಸಲ್ ಎಂಬ ಮುಳ್ಳುಗಿಡದ ಬೀಜ ಅದರ ಮುಖ್ಯ ಆಹಾರಗಳಲ್ಲೊಂದು. ಅಮೆರಿಕದ ಗೋಲ್ಡ್‌ಫಿಂಚ್ ಬೇರೆ ಹಲವು ಹಕ್ಕಿಗಳಿಗಿಂತ ತಡವಾಗಿ, ಥಿಸಲ್‌ನ ಹತ್ತಿಯಂಥ ಎಳೆಗಳು ಸಿಗುವ ಹೊತ್ತಿಗೆ ಗೂಡು ಕಟ್ಟುತ್ತದೆ.

ಆದ್ದರಿಂದ ಕೊಳವೆಗೆ ಹಣ ಹಾಕಬೇಡಿ. ತೋಟದ ಅಂಚಿನಲ್ಲೋ ಬೈಲಿನ ಹುಣಿಯಲ್ಲೋ ಹುಲ್ಲನ್ನು ಜನವರಿಯವರೆಗೆ ಮುಟ್ಟದೆ ಬಿಡಿ. ಗೋಲ್ಡ್‌ಫಿಂಚನ್ನೇ ನೋಡಬೇಕೆನಿಸಿದರೆ ಹಿಮಾಚಲಕ್ಕೆ ಹೋಗಿ ಬನ್ನಿ. ನಾನೀಗ ಇಳಿಜಾರಿನ ಒಂದು ಬದಿಯನ್ನು ಈ ವರ್ಷ, ಇನ್ನೊಂದು ಬದಿಯನ್ನು ಮರುವರ್ಷ ಕೊಯ್ಯುತ್ತೇನೆ. ಹೋದ ಮಳೆಗಾಲದಲ್ಲಿ ನಿಂಬೆಗಿಡದಲ್ಲಿ ಎರಡು ಗೂಡುಗಳಿದ್ದವು.