ಆಸಿಡ್ ಬಿಡಿ, ಬ್ರಷ್ ಹಿಡಿಯಿರಿ

ಬದಿಯಡ್ಕದ ಹತ್ತಿರ ಹೊಸ ಮನೆ ಅಂತ ಬರೆದಿದ್ದೀರಿ. ದಿನಾ ಆಸಿಡ್ ಹಾಕಿ ಟಾಯ್ಲೆಟ್ ತೊಳೆದರೆ ಸೆಪ್ಟಿಕ್ ಟ್ಯಾಂಕ್ ಕೆಡುತ್ತದಾ, ತಿಂಗಳಿಗೊಮ್ಮೆ ಸೆಗಣಿ ಹಾಕಬೇಕಾ ಎಂದು ಕೇಳಿದ್ದೀರಿ ಅಲ್ವಾ?

ಸೆಗಣಿ ಬೇಡ. ಟ್ಯಾಂಕಿಗೆ ಬೇಕಾದ ಬ್ಯಾಕ್ಟೀರಿಯಾ ನಮ್ಮ ಮಲದಲ್ಲೇ ದಿನಾ ಹೋಗುತ್ತದೆ. ಸೆಗಣಿಯ ನಾರು ಸುಮ್ನೆ ಅಡಿಯಲ್ಲಿ ಕೂತು ಜಾಗ ತಿನ್ನುತ್ತದೆ.

ಆಸಿಡ್, ಬ್ಲೀಚಿಂಗ್ ಪೌಡರ್ ಅಪರೂಪಕ್ಕೆ ಸ್ವಲ್ಪ ಹೋದರೆ ಏನಾಗದು. ದಿನಾ ಸುರಿದರೆ ಆ ಬ್ಯಾಕ್ಟೀರಿಯಾ ಸಾಯುತ್ತದೆ, ಕೊಳೆಯಬೇಕಾದ್ದು ಹಾಗೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಮಾತ್ರ ಎಂದೂ ಹಾಕಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ನಮ್ಮಲ್ಲಿ ದಿನಾ ಬ್ರಷ್ಷು, ಸ್ವಲ್ಪ ಸೋಪಿನ ನೀರು, ಅಷ್ಟೇ. ಹಳದಿ ಕಲೆಗೆ ರಾತ್ರಿ ವಿನೆಗರ್ ಹಾಕಿಟ್ಟು ಬೆಳಿಗ್ಗೆ ಉಜ್ಜುತ್ತೇನೆ.

ನಿಜವಾದ ಶತ್ರು ಅಡುಗೆಮನೆಯಲ್ಲಿದೆ. ಹಪ್ಪಳ ಕರಿದ ಎಣ್ಣೆಯನ್ನು ಸಿಂಕಿಗೆ ಬಿಟ್ಟು, ಒಮ್ಮೆ ನಮ್ಮ ಪೈಪಿನೊಳಗೆ ಬೆಣ್ಣೆಯಂಥ ಬಿಳಿ ಮುದ್ದೆ ಕಟ್ಟಿತ್ತು. ಈಗ ಬಾಣಲೆಯನ್ನು ಹಳೇ ಪೇಪರಿನಲ್ಲಿ ಒರೆಸಿಯೇ ತೊಳೆಯುವುದು. ಪ್ಯಾಡ್, ಡೈಪರ್, ಕೂದಲು ಕಮೋಡಿಗೆ ಬೇಡವೇ ಬೇಡ.

ಮಳೆಗಾಲದಲ್ಲಿ ಮಾಡಿನ ನೀರು ಟ್ಯಾಂಕಿನ ಕಡೆ ಹರಿಯದ ಹಾಗೆ ನೋಡಿಕೊಳ್ಳಿ. ನಮ್ಮದು ಮುರಕಲ್ಲಿನ (ತೂತುಗಳಿರುವ ಕೆಂಪು ಕಲ್ಲಿನ) ನೆಲ, ಕೊಳೆನೀರು ಬಾವಿಗೆ ಬೇಗ ಇಳಿಯುತ್ತದೆ. 2-3 ವರ್ಷಕ್ಕೊಮ್ಮೆ ಟ್ಯಾಂಕರ್ ಕರೆಸಿ ಕೆಸರು ತೆಗೆಸಿ. ಯಾರನ್ನೂ ಒಳಗೆ ಇಳಿಸಬೇಡಿ, ಅದು ಜೀವಕ್ಕೂ ಅಪಾಯ, ಸುರಕ್ಷತಾ ಸಾಧನವಿಲ್ಲದೆ ಇಳಿಸಿದರೆ ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನಿನಲ್ಲಿ ಅಪರಾಧವೂ ಹೌದು.