ಬ್ಯಾಗಿನ ಮ್ಯಾಗ್ನೆಟ್ ಬಟನ್ ಬಟ್ಟೆ ಸಮೇತ ಕಿತ್ತು ಬಂತು. ಇನ್ನು ಜಿಪ್ ಹಾಕಲೇ?

ನೀವೇ ಹೊಲಿದ ಬ್ಯಾಗು, ಎರಡೇ ತಿಂಗಳಿಗೆ ಬಟನ್ ಕಿತ್ತು ಬಂತು ಅಂದರೆ ಬೇಜಾರಾಗುತ್ತೆ. ನನ್ನ ಮೊದಲ ಬ್ಯಾಗಿಗೂ ಹೀಗೇ ಆಗಿತ್ತು. ಆದರೆ ತಪ್ಪು ಬಟನ್ನಿನದಲ್ಲ, ಅದರ ಹಿಂದೆ ಆಸರೆ ಇಲ್ಲದ್ದು.

ಆ ಬಟನ್ನಿನ ಹಿಂದೆ ಎರಡು ತೆಳು ಕಾಲು ಇರುತ್ತವೆ, ಅಲ್ವಾ? ಬ್ಯಾಗ್ ತೆರೆದಾಗಲೆಲ್ಲ ಎಳೆತ ಪೂರ್ತಿ ಆ ಕಾಲು ತೂರಿಸಿದ ಸೀಳುಗಳ ಮೇಲೆ ಬೀಳುತ್ತದೆ. ಬಟ್ಟೆ ಒಂದೇ ಪದರ ಇದ್ದರೆ ನೂಲು ಸರಿದು ಸೀಳು ಅಗಲವಾಗುತ್ತಾ ಹೋಗುತ್ತದೆ. ಅದಕ್ಕೇ ಒಳಗಡೆ ಸುಮಾರು 5 ಸೆಂ.ಮೀ. ಚೌಕದ ದಪ್ಪ ಕ್ಯಾನ್ವಾಸ್ ತುಂಡು ಇಡಿ. ಬಟನ್ ಜೊತೆ ಬರುವ ತೆಳು ಲೋಹದ ಬಿಲ್ಲೆಯನ್ನು, ಅಂದರೆ ವಾಷರನ್ನು, ಬಟ್ಟೆ ಮೇಲಿಟ್ಟು ಅದರ ಕಿಂಡಿಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಸೀಳನ್ನು ಗುರುತಿಗಿಂತ ಒಂದು ಕೂದಲೆಳೆ ಚಿಕ್ಕದಾಗಿಯೇ ಕತ್ತರಿಸಿ. ಕಾಲು ಒತ್ತಿದರೆ ಬಿಗಿಯಾಗಿ ಇಳಿಯಬೇಕು. ಹಿಂದಿನಿಂದ ವಾಷರ್ ತೊಡಿಸಿ ಕಾಲು ಮಡಿಸಿದ ಮೇಲೆ ಅದರ ಮೇಲೊಂದು ಬಟ್ಟೆ ಚೂರು ಅಂಟಿಸಿ, ಇಲ್ಲದಿದ್ದರೆ ಅಂಚು ಲೈನಿಂಗನ್ನು ಒಳಗಿಂದಲೇ ಸವೆಸುತ್ತದೆ. ಇದೆಲ್ಲ ಲೈನಿಂಗ್ ಹೊಲಿಯುವ ಮುಂಚೆ ಆಗಬೇಕು.

ಬ್ಯಾಗನ್ನು ತುಂಬಿ ತುಳುಕುವಷ್ಟು ತುಂಬುತ್ತೀರಾ? ಹಾಗಾದರೆ ಜಿಪ್ಪೇ ಸರಿ, ಮ್ಯಾಗ್ನೆಟ್ ತಾನಾಗೇ ಬಿಟ್ಟುಕೊಳ್ಳುತ್ತದೆ. 5 ನಂಬರ್ ಜಿಪ್ ತಗೊಳ್ಳಿ. ಮುಚ್ಚಿದಾಗ ಅದರ ಹಲ್ಲುಸಾಲು ಹತ್ತಿರ ಹತ್ತಿರ 5 ಮಿ.ಮೀ. ಅಗಲ ಇರುತ್ತದೆ. ಚಿಕ್ಕ ಪರ್ಸಿಗೆ 3 ನಂಬರ್ ಸಾಕು. ಮುಂದೆ ಯಾವಾಗಲಾದರೂ ಜಿಪ್ ಮುಚ್ಚಿದ ಮೇಲೂ ಹಿಂದಿನಿಂದ ಬಿಚ್ಚಿಕೊಂಡರೆ ಸುಮ್ನೆ ಇಡೀ ಜಿಪ್ ಬಿಚ್ಚಿ ಎಸೆಯಬೇಡಿ. ಹೆಚ್ಚಿನ ಸಲ ಹಲ್ಲು ಚೆನ್ನಾಗೇ ಇರುತ್ತವೆ, ಸವೆದು ಬಾಯಿ ಅಗಲವಾಗಿರುವುದು ರನ್ನರ್, ಅಂದರೆ ಹಿಡಿದು ಎಳೆಯುವ ತುಂಡು. ಇಕ್ಕಳದಲ್ಲಿ ಅದರ ಎರಡೂ ಬದಿ ಮೆಲ್ಲಗೆ ಒತ್ತಿದರೆ ಕೆಲವು ದಿನ ನಡೆಯುತ್ತದೆ. ಆಮೇಲೆ ರನ್ನರ್ ಮಾತ್ರ ಬದಲಿಸಿ.

ಇನ್ನೊಂದು ಮಾತು, ಪಟ್ಟಿಯ ಕೊಕ್ಕೆ ಬಗ್ಗೆ. ಭಾರವೆಲ್ಲ ಅಲ್ಲೇ ನೇತಾಡುವುದು. ಅಯಸ್ಕಾಂತ ಅಂಟದಿದ್ದರೆ ಹಿತ್ತಾಳೆ ಅಂತ ತುಂಬಾ ಜನ ನಂಬುತ್ತಾರೆ. ಸತುವಿನ ಮಿಶ್ರಲೋಹಕ್ಕೂ ಅದು ಅಂಟುವುದಿಲ್ಲ! ಕಾಣದ ಜಾಗದಲ್ಲಿ ಸ್ವಲ್ಪ ಕೆರೆದು ನೋಡಿ: ಲೇಪದ ಕೆಳಗೆ ಹಳದಿ ಕಂಡರೆ ಹಿತ್ತಾಳೆ, ಬೂದುಬಿಳಿ ಕಂಡರೆ ಸಾಮಾನ್ಯವಾಗಿ ಸತು. ಭಾರದ ಬ್ಯಾಗಿಗೆ ನಾನು ಹಿತ್ತಾಳೆಯನ್ನೇ ಹಾಕುತ್ತೇನೆ. ತೆಳು ಸತುವಿನ ಕೊಕ್ಕೆ ಬಾಗುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಪಟ್ಟಿ ಪೋಣಿಸುವ ರಿಂಗಿನಲ್ಲೂ ಬೆಸುಗೆ ಹಾಕಿದ್ದನ್ನೇ ಆರಿಸಿ. ಬೆಸುಗೆ ಇಲ್ಲದ್ದರ ಬಾಯಿ ಭಾರಕ್ಕೆ ತೆರೆದುಕೊಂಡು ಪಟ್ಟಿ ಜಾರಿಬಿಡುತ್ತದೆ.