ಮನಸ್ಸಿಲ್ಲದೆ ಮಾಡುವ ಸೇವೆ ಒಳ್ಳೆಯತನವೇ?

ಆಪ್ತಸಲಹೆಗೆಂದು ನನ್ನ ಬಳಿ ಬಂದ ಒಬ್ಬರ ಕತೆ ಇದು. ಇವರ ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಬಂದು ಕೂತವರು ಮೊದಲು ಹೇಳಿದ್ದು ಇಷ್ಟು: "ಮೇಡಂ, ಎಲ್ಲರೂ ನನ್ನನ್ನು ದೇವರಂಥವನು ಅಂತಾರೆ. ಅದನ್ನು ಕೇಳಿದರೆ ನನಗೆ ಹೊಟ್ಟೆ ತೊಳಸುತ್ತೆ."

ಐವತ್ತರ ಆಸುಪಾಸಿನವರು. ಆಫೀಸಿನ ಕೆಲಸ. ಮೂರು ವರ್ಷದ ಹಿಂದೆ ಅವರ ಅಣ್ಣನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮಾತು ಒಂದೆರಡು ಪದ ಅಷ್ಟೇ, ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. ಅಣ್ಣನಿಗೆ ಮದುವೆಯಾಗಿಲ್ಲ. ಇವರೇ ಮನೆಗೆ ಕರೆತಂದರು. ಮೈ ಒರೆಸುವುದು, ಡೈಪರ್ ಬದಲಿಸುವುದು, ಊಟ ಮಾಡಿಸುವುದು, ಮಲಗಿದಲ್ಲೇ ಹುಣ್ಣಾಗದ ಹಾಗೆ ರಾತ್ರಿ ಎರಡೆರಡು ಗಂಟೆಗೆ ಎದ್ದು ಮಗ್ಗುಲು ಬದಲಿಸುವುದು, ಎಲ್ಲವೂ ಇವರದೇ. ಹೆಂಡತಿ ಕೈಜೋಡಿಸಲು ಬಂದರೆ ಬೇಡ ಅನ್ನುತ್ತಿದ್ದರು. "ನನ್ನ ಅಣ್ಣ, ನನ್ನ ಜವಾಬ್ದಾರಿ."

ಈ ಅಣ್ಣ ಚಿಕ್ಕಂದಿನಲ್ಲಿ ಇವರನ್ನು ಹೊಡೆದು ಹೊಡೆದು ಬೆಳೆಸಿದವರು. ದೊಡ್ಡವರಾದ ಮೇಲೂ ನಾಲ್ಕು ಜನರ ಮುಂದೆ ದಡ್ಡ ಅಂತಲೇ ಕರೆಯುತ್ತಿದ್ದರಂತೆ. ಆ ಮಾತು ಹೇಳುವಾಗ ಅವರ ದನಿ ಹುಡುಗನ ದನಿಯಾಯಿತು.

ನನ್ನ ಬಳಿ ಬರಲು ಕಾರಣ ಒಂದು ಬೆಳಿಗ್ಗೆ. ಆಫೀಸಿಗೆ ತಡವಾಗಿತ್ತು. ಈಗಷ್ಟೇ ಬದಲಿಸಿದ್ದ ಹಾಸಿಗೆ ಮತ್ತೆ ಒದ್ದೆ. ಇವರು ಅಡಿಯ ಬಟ್ಟೆಯನ್ನು ಜೋರಾಗಿ ಎಳೆದರು. ಅಣ್ಣನ ತಲೆ ಮಂಚದ ಕಂಬಿಗೆ ಬಡಿಯಿತು. ಗಾಯವೇನೂ ಆಗಲಿಲ್ಲ. "ಆದರೆ ಅವನು ನನ್ನನ್ನು ನೋಡಿದ, ಮೇಡಂ. ನಾನು ಚಿಕ್ಕವನಿದ್ದಾಗ ಅವನನ್ನು ನೋಡುತ್ತಿದ್ದ ಹಾಗೇ ನೋಡಿದ." ಅಂದಿನಿಂದ ಅವರಿಗೆ ಒಂದೇ ಯೋಚನೆ. ಮೂರು ವರ್ಷ ಮಾಡಿದ್ದೆಲ್ಲ ನಾಟಕ, ಒಳಗಿರುವುದು ಬರೀ ಸಿಟ್ಟು, ತಾನು ಒಳ್ಳೆಯವನೇ ಅಲ್ಲ.

ಮೊದಲು ಕೇಳಬೇಕಾದ್ದನ್ನು ಕೇಳಿದೆ. ಮತ್ತೆ ಅಣ್ಣನಿಗೆ ನೋವು ಮಾಡಿಬಿಡಬಹುದು ಅನ್ನಿಸುತ್ತದೆಯೇ? ನಿಮಗೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ? ಎರಡಕ್ಕೂ ಇಲ್ಲ ಅಂದರು. ನಿದ್ದೆ ಎಷ್ಟು ಎಂದು ಕೇಳಿದಾಗ ಮಾತ್ರ ತುಂಬಾ ಹೊತ್ತು ಲೆಕ್ಕ ಹಾಕಿದರು. ತುಂಡು ತುಂಡಾಗಿ ನಾಲ್ಕು ಗಂಟೆ. ಮೂರು ವರ್ಷದಿಂದ! ವೈದ್ಯರನ್ನು ಒಮ್ಮೆ ನೋಡಿ ಎಂದು ಅಲ್ಲೇ ಹೇಳಿದೆ. ಇಂಥ ನಿದ್ದೆಯ ಮೇಲೆ ಯಾರೂ ತಮ್ಮ ಗುಣವನ್ನು ತೂಗಿ ನೋಡಬಾರದು.

ಆದರೆ ಅವರಿಗೆ ಬೇಕಿದ್ದದ್ದು ನಿದ್ದೆಯ ಸಲಹೆ ಮಾತ್ರ ಅಲ್ಲ. ಅವರ ಪ್ರಶ್ನೆ ನಿಜವಾದ ಪ್ರಶ್ನೆ. ಪ್ರೀತಿ ಇಲ್ಲದೆ ಮಾಡಿದ ಒಳ್ಳೆಯ ಕೆಲಸ ಒಳ್ಳೆಯದೇ? ಇದನ್ನು ಸುಮ್ನೆ "ಹಾಗೆಲ್ಲ ಅಂದುಕೊಳ್ಳಬೇಡಿ" ಎಂದು ತಳ್ಳಿಹಾಕಿದ್ದರೆ ಅವರು ಇನ್ನೊಮ್ಮೆ ಬರುತ್ತಿರಲಿಲ್ಲ.

ದೊಡ್ಡ ದೊಡ್ಡ ಚಿಂತಕರೇ ಇಲ್ಲಿ ಒಬ್ಬರನ್ನೊಬ್ಬರು ಒಪ್ಪುವುದಿಲ್ಲ ಎಂದು ಹೇಳಿದೆ. 1785ರಲ್ಲಿ ಜರ್ಮನಿಯ ತತ್ವಜ್ಞಾನಿ ಕಾಂಟ್ ಇಂಥದ್ದೇ ಮನುಷ್ಯನ ಬಗ್ಗೆ ಬರೆದ. ಮನಸ್ಸು ತಣ್ಣಗಾಗಿದೆ, ಬೇರೆಯವರ ನೋವು ತಟ್ಟುತ್ತಿಲ್ಲ, ಆದರೂ ಮಾಡಬೇಕಾದ್ದು ಎಂದು ಎದ್ದು ಮಾಡುತ್ತಾನೆ. ಆ ಕೆಲಸದ ಬೆಲೆ ಅಲ್ಲೇ ಚೆನ್ನಾಗಿ ಕಾಣುತ್ತದೆ ಎಂಬುದು ಕಾಂಟ್ ವಾದ. ಅವನಿಗಿಂತ ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇದಕ್ಕೆ ತಲೆ ಆಡಿಸುತ್ತಿರಲಿಲ್ಲ. ಒಳಗೆ ಜಗಳವಾಡಿಕೊಂಡು ಸರಿಯಾದ್ದನ್ನು ಮಾಡುವವನು ತನ್ನನ್ನು ಹಿಡಿದಿಟ್ಟುಕೊಂಡವನು, ಅದು ಮೆಚ್ಚುವ ವಿಷಯವೇ. ಆದರೆ ಗುಣ ಪೂರ್ತಿ ಮಾಗಿದವನಿಗೆ ಆ ಕೆಲಸವೇ ಹಿತವಾಗಿರುತ್ತದೆ ಎನ್ನುತ್ತಾನೆ ಅವನು.

ಅವರು ತಕ್ಷಣ ಹಿಡಿದುಕೊಂಡರು. "ಅಂದರೆ ಅರಿಸ್ಟಾಟಲ್ ಲೆಕ್ಕದಲ್ಲಿ ನಾನು ಫೇಲ್."

ಇಲ್ಲ, ದಾರಿಯಲ್ಲಿದ್ದೀರಿ ಎಂದೆ. ಯಾಕೆಂದರೆ ಅದೇ ಅರಿಸ್ಟಾಟಲ್, ವೀಣೆಯಂಥ ವಾದ್ಯ ನುಡಿಸಿ ನುಡಿಸಿಯೇ ವಾದಕನಾಗುವುದು, ಕಟ್ಟಿ ಕಟ್ಟಿಯೇ ಮನೆ ಕಟ್ಟುವವನಾಗುವುದು, ನ್ಯಾಯದ ಕೆಲಸ ಮಾಡಿ ಮಾಡಿಯೇ ನ್ಯಾಯವಂತನಾಗುವುದು ಎಂದೂ ಹೇಳಿದ್ದಾನೆ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾದವನಿಗೆ ಆ ಮನಸ್ಸು ಬರುವುದೇ ಇಲ್ಲ. ಕಲಿಯುವವನ ಕೈಯಲ್ಲಿ ಅಪಸ್ವರ ಬಂದರೆ ಅವನು ನಾಟಕ ಆಡುತ್ತಿದ್ದಾನೆ ಅನ್ನುತ್ತೇವೆಯೇ?

ನನ್ನ ಅಭಿಪ್ರಾಯ ಕೇಳಿದರು. ಸಾಮಾನ್ಯವಾಗಿ ನಾನು ಹೇಳುವುದಿಲ್ಲ, ಅಂದು ಹೇಳಿದೆ. ನಾಟಕ ಎಂದರೆ ಯಾರೂ ನೋಡದಿದ್ದಾಗ ನಿಲ್ಲುವಂಥದ್ದು. ರಾತ್ರಿ ಎರಡು ಗಂಟೆಗೆ ನಿಮ್ಮನ್ನು ಯಾರು ನೋಡುತ್ತಿದ್ದರು?

ಅವರು ತುಂಬಾ ಹೊತ್ತು ಅತ್ತರು.

ಮುಂದಿನ ಭೇಟಿಯಲ್ಲಿ ಆ ಬೆಳಿಗ್ಗೆಯನ್ನೇ ಮತ್ತೆ ತೆಗೆದೆವು. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅದರಲ್ಲಿದ್ದವರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಸಣ್ಣ ಭಾಷಣ ಮಾಡಬೇಕು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ ನರಳುತ್ತಾ ಕುಸಿದು ಕೂತಿದ್ದಾನೆ. ಸಮಯವಿದೆ ಎಂದುಕೊಂಡಿದ್ದವರಲ್ಲಿ 63 ಶೇಕಡಾ ಮಂದಿ ನೆರವಾದರು. ತುಂಬಾ ತಡವಾಗಿದೆ ಎಂದು ಹೇಳಿಸಿಕೊಂಡಿದ್ದವರಲ್ಲಿ ಕೇವಲ 10 ಶೇಕಡಾ. ಕೆಲವರು ಮಾತನಾಡಬೇಕಿದ್ದದ್ದೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾಳುವಿನ ಕತೆಯ ಬಗ್ಗೆ. ಅದರಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ಇದು ತಪ್ಪಿಗೆ ಸಬೂಬು ಅಲ್ಲ. ಎಳೆದದ್ದು ಇವರ ಕೈಯೇ. ಆದರೆ ಒಳ್ಳೆಯವನಾಗಿ ಇರಬೇಕು ಅನ್ನುವವನು ಗಡಿಯಾರವನ್ನೂ ನೋಡಬೇಕಾಗುತ್ತದೆ. ಮೈ ಒರೆಸುವ ಕೆಲಸವನ್ನು ಬೆಳಿಗ್ಗೆಯಿಂದ ಸಂಜೆಗೆ ಹಾಕಿ ಎಂದೆ. ಬೆಳಿಗ್ಗೆಯ ಬದಲಾವಣೆಗೆ ಇನ್ನೊಬ್ಬರು ಜೊತೆಗಿರಲಿ.

"ಇನ್ನೊಬ್ಬರು ಯಾರು?"

ಅಲ್ಲಿಗೆ ಬಂತು ನೋಡಿ ವಿಷಯ. ಇವರಿಗೆ ಒಬ್ಬ ತಂಗಿ ಇದ್ದಾರೆ. ದೂರದಲ್ಲಿದ್ದಾರೆ, ಆದರೆ ಪ್ರತಿ ವಾರ ಫೋನ್ ಮಾಡಿ "ಕಷ್ಟ ಆಗ್ತಿದೆಯಾ ಅಣ್ಣ?" ಎಂದು ಕೇಳುತ್ತಾರೆ. ಪ್ರತಿ ವಾರವೂ ಇವರ ಉತ್ತರ "ಏನಿಲ್ಲಮ್ಮ, ಆರಾಮಾಗಿದೆ." ಮೂರು ವರ್ಷ. ಒಳ್ಳೆಯವರು ದೂರು ಹೇಳುವುದಿಲ್ಲ ಎಂಬುದು ಇವರ ನಂಬಿಕೆ.

ನನಗೆ ಇಡೀ ಪ್ರಕರಣದಲ್ಲಿ ಕಂಡ ಕೊರತೆ ಇದೇ. ಅವರಲ್ಲಿ ತಾಳ್ಮೆ ಇತ್ತು, ಕರ್ತವ್ಯ ಇತ್ತು. ಸತ್ಯ ಇರಲಿಲ್ಲ. ತನ್ನ ಬಗ್ಗೆ ಇದ್ದದ್ದಕ್ಕಿಂತ ಹೆಚ್ಚು ಹೇಳಿಕೊಳ್ಳುವುದು ಒಂದು ತಪ್ಪಾದರೆ, ಕಡಿಮೆ ಮಾಡಿ ಹೇಳುವುದೂ ಇನ್ನೊಂದು ತಪ್ಪು ಎಂದು ಅರಿಸ್ಟಾಟಲ್ ಎಣಿಸುತ್ತಾನೆ. ನಡುವೆ ಇರುವುದು ಇದ್ದದ್ದನ್ನು ಇದ್ದ ಹಾಗೆ ಹೇಳುವುದು. "ಆರಾಮಾಗಿದೆ" ಎಂಬ ಮಾತು ವಿನಯದ ಹಾಗೆ ಕಾಣುತ್ತದೆ. ಅದೇ ಮಾತು ತಂಗಿಗೆ ಅಣ್ಣನ ಸೇವೆಯ ಪಾಲನ್ನು ತಪ್ಪಿಸಿತು, ಹೆಂಡತಿಯನ್ನು ದೂರ ನಿಲ್ಲಿಸಿತು, ಕೊನೆಗೆ ಮಂಚದ ಕಂಬಿಯವರೆಗೂ ತಂದು ಮುಟ್ಟಿಸಿತು. ಸತ್ಯ ಇಲ್ಲದ ದಯೆ ಹುಳಿಯಾಗುತ್ತದೆ. ಇದನ್ನು ನನ್ನ ಕೆಲಸದಲ್ಲಿ ಎಷ್ಟು ಸಲ ನೋಡಿದ್ದೇನೋ.

ಕೊಟ್ಟ ಸಲಹೆ ಜಾಸ್ತಿ ಇರಲಿಲ್ಲ. ತಂಗಿಗೆ ಫೋನ್ ಮಾಡಿ ಒಂದು ವಾಕ್ಯ ಹೇಳಿ: ನನ್ನೊಬ್ಬನಿಂದ ಆಗುತ್ತಿಲ್ಲ. ದಯವಿಟ್ಟು ಆ ವಾಕ್ಯದ ಹಿಂದೆ "ಆದರೂ ಪರವಾಗಿಲ್ಲ" ಸೇರಿಸಬೇಡಿ. ರಾತ್ರಿ ಪಾಳಿಗೆ ವಾರದಲ್ಲಿ ಕೆಲವು ದಿನವಾದರೂ ಹೋಂ ನರ್ಸ್ ಇಡಿ. ಅಣ್ಣನ ಹತ್ತಿರ ಆ ಬೆಳಿಗ್ಗೆಗೆ ಕ್ಷಮೆ ಕೇಳಿ. ಬಾಲ್ಯದ ಲೆಕ್ಕವನ್ನು ಅದರ ಜೊತೆ ಬೆರೆಸಬೇಡಿ. ಅದು ಬೇರೆ ಲೆಕ್ಕ, ಅದಕ್ಕೆ ನನ್ನ ಹತ್ತಿರ ಜಾಗ ಇದೆ. ಅಣ್ಣನನ್ನು ಪ್ರೀತಿಸಿ ಎಂದು ನಾನು ಹೇಳಲಿಲ್ಲ. ಸಿಟ್ಟು ಬಂದಾಗ ಬಟ್ಟೆ ಕೆಳಗಿಟ್ಟು, ಅಣ್ಣ ಬೀಳದ ಹಾಗೆ ಕಂಬಿ ಏರಿಸಿ, ಕೋಣೆಯಿಂದ ಎರಡು ನಿಮಿಷ ಆಚೆ ಬನ್ನಿ ಎಂದಷ್ಟೇ ಹೇಳಿದೆ.

ಫೋನ್ ಮಾಡಲು ಅವರಿಗೆ ಎರಡು ವಾರ ಬೇಕಾಯಿತು. ತಂಗಿ ಮೊದಲು ರೇಗಿದರಂತೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ. ಆಮೇಲೆ ಹೋಂ ನರ್ಸ್ ಖರ್ಚಿನ ಅರ್ಧ ಒಪ್ಪಿಕೊಂಡರು. ಕ್ಷಮೆ ಕೇಳಿದ್ದು ಅಷ್ಟು ಚೆನ್ನಾಗಿ ಮುಗಿಯಲಿಲ್ಲ. ಅಣ್ಣ ಮುಖವನ್ನು ಗೋಡೆ ಕಡೆ ತಿರುಗಿಸಿದರು. ಇವರು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಎದ್ದು ಮಗ್ಗುಲು ಬದಲಿಸಿ ಬಂದರಂತೆ. ಹಳೆಯ ಏಟುಗಳ ಬಗ್ಗೆ ನಾವಿನ್ನೂ ಮಾತಾಡುತ್ತಿದ್ದೇವೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ.

ಆರನೇ ಭೇಟಿಗೆ ಬಂದಾಗ ಮುಖದಲ್ಲಿ ನಿದ್ದೆ ಮಾಡಿದ ಕಳೆ ಇತ್ತು. "ನಿನ್ನೆ ಅವನ ಗಡ್ಡ ಬೋಳಿಸುತ್ತಿದ್ದೆ, ಮೇಡಂ. ಗದ್ದದ ಹತ್ತಿರ ಗಾಯ ಆಗದ ಹಾಗೆ ಮಾಡೋದು ಕಷ್ಟ. ಅದರಲ್ಲೇ ಮುಳುಗಿಬಿಟ್ಟೆ. ಮುಗಿದ ಮೇಲೆ ಹೊಳೀತು. ನನಗೆ ಸಿಟ್ಟು ಬಂತಾ ಇಲ್ಲವಾ ಅಂತ ನೋಡಿಕೊಳ್ಳೋದೇ ಮರೆತುಹೋಗಿತ್ತು."